‘ಅಪ್ಪ ಏನ್ ಮಾಡ್ತಾರೆ?’ ಅನ್ನೋ ಪ್ರಶ್ನೆಗೆ ಒಂಬತ್ತು ದಿನ

ಮೇ ಕೊನೆಯ ವಾರ ಬಂತೆಂದರೆ ನಮ್ಮ ಆಫೀಸಿನಲ್ಲಿ ಮಕ್ಕಳಿರುವವರ ಮಾತೆಲ್ಲ ಒಂದೇ. ಫೀಸು, ವ್ಯಾನು, ಯೂನಿಫಾರ್ಮಿನ ಅಳತೆ, ಪುಸ್ತಕಕ್ಕೆ ಬ್ರೌನ್ ಶೀಟ್ ಸಿಗಲಿಲ್ಲ ಅನ್ನೋ ಗೋಳು. ಮಗುವಿಗೆ ಭಯವಾಗಿದೆಯಾ ಅಂತ ಯಾರೂ ಕೇಳೋದಿಲ್ಲ. ಎಲ್‌ಕೆಜಿ ಮಗು ಅತ್ತರೆ ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕ್ತೀವಿ. ಆದರೆ ಹದಿಮೂರು ವರ್ಷದವರು ಅಳೋದಿಲ್ಲ, ಶೂ ಪಾಲಿಶ್ ಮಾಡಿಕೊಂಡು ಸುಮ್ಮನೆ ಹೊರಡ್ತಾರೆ. ಅವರ ಭಯ ನಮಗೆ ಕಾಣೋದೇ ಇಲ್ಲ.

ಕಳೆದ ವರ್ಷ, ಅಂದರೆ 2025ರ ಜೂನ್‌ನಲ್ಲಿ, ನಮ್ಮ ಮನೆಯ ಹುಡುಗಿಗಿದ್ದದ್ದು ಒಂದೇ ಒಂದು ಪ್ರಶ್ನೆಯ ಭಯ. ‘ಅಪ್ಪ ಏನ್ ಮಾಡ್ತಾರೆ?’

ಅವಳು ನನ್ನ ಅಕ್ಕನ ಮಗಳು. ಭಾವ ಬೆಂಗಳೂರಿನ ಪೀಣ್ಯದಲ್ಲಿ ಒಂದು ಫ್ಯಾಕ್ಟರಿಯಲ್ಲಿ ಲೇತ್ ಮೆಷಿನ್ ಕೆಲಸ ಮಾಡ್ತಿದ್ದರು. 2024ರ ನವೆಂಬರ್‌ನಲ್ಲಿ ಒಂದು ಜ್ವರ ಅಂತ ಆಸ್ಪತ್ರೆ ಸೇರಿದವರು ಮನೆಗೆ ಬರಲಿಲ್ಲ. ವಾರ್ಷಿಕ ಪರೀಕ್ಷೆ ಮುಗಿಯುವವರೆಗೂ ಅಕ್ಕ ಬೆಂಗಳೂರಿನಲ್ಲೇ ಹೇಗೋ ತಳ್ಳಿದಳು. ಏಪ್ರಿಲ್‌ನಲ್ಲಿ ಬಾಡಿಗೆ ಮನೆ ಬಿಟ್ಟು ಮಗಳನ್ನು ಕರೆದುಕೊಂಡು ಕೋರಮಂಡಲ್‌ನ ನಮ್ಮ ಮನೆಗೆ ಬಂದಳು. ಎಂಟನೇ ಕ್ಲಾಸ್‌ಗೆ ಹೇಗಿದ್ದರೂ ಹೈಸ್ಕೂಲ್ ಬದಲಾಗಬೇಕಿತ್ತು. ಇಲ್ಲೇ ಕೆಜಿಎಫ್‌ನಲ್ಲಿ ಸಿಸ್ಟರ್‌ಗಳು ನಡೆಸುವ ಒಂದು ಶಾಲೆಯಲ್ಲಿ ಸೀಟು ಸಿಕ್ಕಿತು.

ಅಡ್ಮಿಷನ್ ಫಾರ್ಮ್ ತುಂಬಿದ್ದು ಹುಡುಗಿಯೇ. ತಂದೆಯ ಹೆಸರು ಅನ್ನೋ ಕಡೆ ಹೆಸರು ಬರೆದು, ಅದರ ಹಿಂದೆ ‘ಲೇಟ್’ ಅಂತ ಸೇರಿಸಬೇಕಾ ಅಂತ ಅಕ್ಕನನ್ನು ಕೇಳಿದಳು. ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಆಮೇಲೆ ಉದ್ಯೋಗದ ಕಾಲಂ. ಅದನ್ನು ಖಾಲಿ ಬಿಟ್ಟಳು. ಅವತ್ತು ರಾತ್ರಿ ನನ್ನ ಪಕ್ಕ ಮಲಗಿ ಹೇಳಿದಳು: “ಚಿತ್ತಿ, ಹೊಸ ಸ್ಕೂಲಲ್ಲಿ ಪ್ರತಿ ಪೀರಿಯಡ್ ಹೊಸ ಮಿಸ್ ಬರ್ತಾರೆ. ಎಲ್ಲರೂ ಇಂಟ್ರೊಡಕ್ಷನ್ ಕೇಳ್ತಾರೆ. ಒಂದು ದಿನಕ್ಕೆ ಏಳು ಸಲ ಹೇಳ್ಬೇಕು.” ಲೆಕ್ಕ ಹಾಕಿ ಇಟ್ಟುಕೊಂಡಿದ್ದಳು.

ಸಿನಿಮಾ ನೋಡಿ ಕೆಜಿಎಫ್ ಹೆಸರು ಗೊತ್ತಾದವರಿಗೆ ಒಂದು ಮಾತು. ನಮ್ಮೂರಿನಲ್ಲಿ ಗನ್ನು ಹಿಡಿದು ಓಡಾಡಿದವರಿಗಿಂತ ಟಿಫನ್ ಬಾಕ್ಸ್ ಹಿಡಿದು ಓಡಾಡಿದವರೇ ಜಾಸ್ತಿ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಪುಟ್ಟ ರೈಲು ಮಾರ್ಗದಲ್ಲಿ ಊರ್ಗಾಂಗೆ ಮೊದಲು ಸಿಗುವ ಸ್ಟೇಷನ್ ಕೋರಮಂಡಲ್. ಬೆಳಿಗ್ಗೆ ಮಾರಿಕುಪ್ಪಂನಿಂದ ಹೊರಟ ರೈಲು ಚಾಂಪಿಯನ್, ಊರ್ಗಾಂ ದಾಟಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಕಿಟಕಿ ಸೀಟು ಇರೋದಿಲ್ಲ. ಇಲ್ಲಿನ ಎಷ್ಟೋ ಮಕ್ಕಳು ಏಳುವ ಮುಂಚೆ ಅಪ್ಪ ರೈಲು ಹತ್ತಿರ್ತಾರೆ, ಮಲಗಿದ ಮೇಲೆ ಇಳೀತಾರೆ. ವಾರಕ್ಕೆ ಮೂರು ದಿನ ನಾನೂ ಅದೇ ರೈಲಿನವಳು. ಉಳಿದ ದಿನ ಮನೆಯಿಂದಲೇ ಲಾಗಿನ್.

‘ಅಪ್ಪ ಏನ್ ಮಾಡ್ತಾರೆ?’ ನಮ್ಮೂರಿಗೆ ಹಳೇ ಪ್ರಶ್ನೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ ನೂರಿಪ್ಪತ್ತು ವರ್ಷ ಅದಕ್ಕೆ ಹೆಚ್ಚುಕಡಿಮೆ ಒಂದೇ ಉತ್ತರ ಇತ್ತು: ಮೈನ್ಸ್. 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಅದೇ ಜೂನ್‌ನಲ್ಲಿ ನಾನು ಒಂದನೇ ಕ್ಲಾಸ್ ಸೇರಿದೆ. ಮಿಸ್ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದರು. ಸಾಲಿನಲ್ಲಿ ಎಲ್ಲರೂ ‘ಬಿಜಿಎಂಎಲ್ ಮಿಸ್’, ‘ಬಿಜಿಎಂಎಲ್ ಮಿಸ್’ ಅಂತಲೇ ಹೇಳಿದೆವು. ಗಣಿ ಮುಚ್ಚಿ ಮೂರು ತಿಂಗಳಾಗಿತ್ತು. ಯಾವ ಅಪ್ಪನಿಗೂ ಕೆಲಸ ಇರಲಿಲ್ಲ. ಮಿಸ್ ಯಾರನ್ನೂ ತಿದ್ದಲಿಲ್ಲ, ರಿಜಿಸ್ಟರ್‌ನಲ್ಲಿ ಹಾಗೇ ಬರೆದುಕೊಂಡರು. ಅವರ ಗಂಡನೂ ಗಣಿಯವರೇ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ನಮ್ಮ ಪಾಟಿಗೆ, ಅಂದರೆ ಅಮ್ಮನ ಅಮ್ಮನಿಗೆ, ಈಗ ಎಪ್ಪತ್ತೈದು ದಾಟಿದೆ. (ಮನೆಯಲ್ಲಿ ನಾವು ತಮಿಳು. ನನಗೆ ಕನ್ನಡ ಬಂದದ್ದು ಶಾಲೆಯಿಂದ, ರೂಢಿಯಾದದ್ದು ರೈಲಿನಲ್ಲಿ. ಇಲ್ಲಿನ ಮಾತುಕತೆಯನ್ನೆಲ್ಲ ಕನ್ನಡಕ್ಕೆ ತಂದು ಬರೀತಿದ್ದೀನಿ.) ಪಾಟಿಗೆ ಈ ಪ್ರಶ್ನೆ ಬಂದದ್ದು 1960ರ ದಶಕದಲ್ಲಿ. ಅವರ ಅಪ್ಪ ಚಾಂಪಿಯನ್ ರೀಫ್‌ನಲ್ಲಿ ಕೆಳಗಿಳಿದವರು ಬಂಡೆ ಸಿಡಿದು ಸತ್ತರು. ಆ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ಕೆಳಗೆ ಮೇಲಿನ ಭಾರ ತಾಳಲಾರದೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತೆ. ‘ರಾಕ್ ಬರ್ಸ್ಟ್’ ಅಂದರೆ ಏನು ಅಂತ ಇಲ್ಲಿ ಓದು ಬಾರದವರಿಗೂ ಗೊತ್ತು. ಬಂಡೆಗಳ ಈ ಸ್ವಭಾವವನ್ನು ಓದುವ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಶುರುವಾಗಿದ್ದೂ ಇಲ್ಲೇ.

ಕೇಜ್ ಹತ್ತುವ ಮುಂಚೆ ಎಲ್ಲರೂ ಏನಾದರೊಂದು ಮಾಡ್ತಿದ್ದರಂತೆ. ಕೆಲವರು ಶಿಲುಬೆಯ ಗುರುತು ಹಾಕಿಕೊಳ್ಳೋರು, ಕೆಲವರು ಕೇಜಿನ ಕಂಬಿ ಮುಟ್ಟಿ ಕಣ್ಣಿಗೊತ್ತಿಕೊಳ್ಳೋರು. “ಹಾಗೆ ಮಾಡಿದವರೂ ಸತ್ತರು, ಮಾಡದವರೂ ಬದುಕಿದರು. ಆದರೆ ಮಾಡದೆ ಯಾರೂ ಇಳೀತಿರಲಿಲ್ಲ” ಅನ್ನೋದು ಪಾಟಿಯ ಲೆಕ್ಕ. ಎಂಜಿನಿಯರಿಂಗ್ ಓದುವಾಗ ನಾನು ಈ ಮಾತಿಗೆ ನಕ್ಕಿದ್ದುಂಟು. ಇಟ್ಟರೂ ತೆಗೆದರೂ ಔಟ್‌ಪುಟ್ ಬದಲಾಗದ ಸಾಲನ್ನು ಕೋಡ್‌ನಲ್ಲಿ ಯಾಕೆ ಇಟ್ಟುಕೊಳ್ಳಬೇಕು, ಅಲ್ವಾ?

ಈಗ ಕ್ಯಾಲೆಂಡರಿನ ವಿಷಯಕ್ಕೆ ಬರ್ತೀನಿ. ಕಥೋಲಿಕರಲ್ಲದ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಈಸ್ಟರ್ ಆಗಿ ನಲವತ್ತನೇ ದಿನ ಯೇಸುವಿನ ಸ್ವರ್ಗಾರೋಹಣ. ಐವತ್ತನೇ ದಿನ ಪೆಂಟೆಕೋಸ್ಟ್, ಪವಿತ್ರಾತ್ಮರು ಪ್ರೇಷಿತರ ಮೇಲೆ ಇಳಿದುಬಂದ ಹಬ್ಬ. ಎರಡರ ನಡುವೆ ಒಂಬತ್ತು ದಿನದ ಸಂದು. ಗುರುಗಳು ಇನ್ನು ಕಣ್ಣಿಗೆ ಕಾಣೋದಿಲ್ಲ. ಬರ್ತೀನಿ ಅಂದ ಸಹಾಯ ಇನ್ನೂ ಬಂದಿಲ್ಲ. ಆ ದಿನಗಳಲ್ಲಿ ಮಾತೆ ಮರಿಯಳೂ ಶಿಷ್ಯರೂ ಒಂದು ಮಾಳಿಗೆಯ ಕೋಣೆಯಲ್ಲಿ ಸೇರಿ ಪ್ರಾರ್ಥನೆ ಮಾಡ್ತಾ ಕಾದರು. ನೊವೇನಾ ಅನ್ನೋ ಒಂಬತ್ತು ದಿನದ ಪ್ರಾರ್ಥನೆಗೆ ಮೂಲ ಅಂತ ಹೇಳೋದು ಇದನ್ನೇ.

ಈಸ್ಟರ್ ಬೇಗ ಬಂದ ವರ್ಷ ಈ ಒಂಬತ್ತು ದಿನ ಬೇಸಿಗೆ ರಜೆಯಲ್ಲೇ ಕಳೆದುಹೋಗುತ್ತೆ. 2025ರಲ್ಲಿ ಈಸ್ಟರ್ ಏಪ್ರಿಲ್ 20ಕ್ಕೆ ಬಿತ್ತು, ಪೆಂಟೆಕೋಸ್ಟ್ ಜೂನ್ 8ಕ್ಕೆ. ರಾಜ್ಯದ ಶಾಲೆಗಳು ಮೇ 29ಕ್ಕೆ ತೆರೆದವು. ನೊವೇನಾ ಶುರುವಾಗಿದ್ದು ಮರುದಿನ, ಮೇ 30ರ ಶುಕ್ರವಾರ. ನಮ್ಮ ಹುಡುಗಿಯ ಶಾಲೆ ಶುರುವಾಗಿದ್ದು ಜೂನ್ 2ರ ಸೋಮವಾರ, ಅಂದರೆ ನಾಲ್ಕನೇ ದಿನ. ಪಾಟಿ ಇದನ್ನು ಒಂದು ತಿಂಗಳ ಮುಂಚೆಯೇ ಕ್ಯಾಲೆಂಡರ್‌ನಲ್ಲಿ ನೋಡಿಟ್ಟಿದ್ದರು. ಶುಕ್ರವಾರ ಸಂಜೆ ಏಳಕ್ಕೆ ಮೇಣದಬತ್ತಿ ಹಚ್ಚಿ ಎಲ್ಲರನ್ನೂ ಕರೆದರು. “ಧೈರ್ಯಕ್ಕೆ ಒಂಬತ್ತು ದಿನ ಕೇಳೋಣ ಬಾ” ಅಂತ ಮೊಮ್ಮಗಳನ್ನೂ ಕರೆದರು.

ಅವಳು ಬರಲಿಲ್ಲ. ಬಾಗಿಲ ಹತ್ತಿರ ನಿಂತು ಕೇಳಿದಳು. “ಅಪ್ಪನಿಗೋಸ್ಕರಾನೂ ಒಂಬತ್ತು ದಿನ ಮಾಡಿದ್ವಲ್ಲ ಪಾಟಿ. ಏನಾಯ್ತು?”

ನಿಜ, ಮಾಡಿದ್ದೆವು. ಐಸಿಯು ಹೊರಗಿನ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ನೋಡಿಕೊಂಡು ಮಾಡಿದ್ದೆವು. ಏಳನೇ ದಿನ ಭಾವ ಹೋದರು. ಉಳಿದ ಎರಡು ದಿನದ ಪ್ರಾರ್ಥನೆಯನ್ನು ಯಾರೂ ಹೇಳಲಿಲ್ಲ.

ಅಮ್ಮ ಏನೋ ಹೇಳೋಕೆ ಹೋದರು. ದೇವರ ಚಿತ್ತ ಅಂತಲೋ ಏನೋ. ಪಾಟಿ ಕೈ ಎತ್ತಿ ತಡೆದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: “ನನಗೂ ಗೊತ್ತಿಲ್ಲ ಕಣಮ್ಮ. ನಮ್ಮಪ್ಪನ ವಿಷಯ ನಾನು ಆಂಡವರ್ ಹತ್ತಿರ ಕೇಳೋದು ಬಾಕಿ ಇದೆ. ಮೇಲೆ ಹೋದಾಗ ನಿಮ್ಮಪ್ಪಂದೂ ಸೇರಿಸಿ ಕೇಳ್ತೀನಿ. ನಿನಗೆ ಪ್ರಾರ್ಥನೆ ಬೇಡ ಅಂದ್ರೆ ಬೇಡ. ನಿನ್ನ ಪಾಲಿಂದು ನಾವು ಹೇಳ್ತೀವಿ. ಇಲ್ಲೇ ಎಲ್ಲಾದ್ರೂ ಕೂತ್ಕೋ ಸಾಕು.”

ಅವಳು ಹೊಸಿಲ ಮೇಲೆ ಫೋನ್ ಹಿಡಿದು ಕೂತಳು. ಯಾರೂ ಏನೂ ಅನ್ನಲಿಲ್ಲ.

ದುಃಖದಲ್ಲಿರುವ ಮಗುವಿಗೆ ಎಲ್ಲದಕ್ಕೂ ಕಾರಣ ಹೇಳಲೇಬೇಕು ಅಂತ ನಾವು ದೊಡ್ಡವರು ಅಂದುಕೊಳ್ತೀವಿ. ‘ದೇವರಿಗೆ ಒಳ್ಳೆಯವರೇ ಬೇಕು’ ಅನ್ನೋ ಮಾತಂತೂ ಮಗುವಿಗೆ ದೇವರ ಮೇಲೆಯೇ ಸಿಟ್ಟು ಬರಿಸೋದು. ಭಾವನ ಮಣ್ಣಿಗೆ ಬಂದವರಲ್ಲಿ ಕನಿಷ್ಠ ಹತ್ತು ಜನ ಅದನ್ನು ಹೇಳಿ ಹೋದರು. ಗೊತ್ತಿಲ್ಲ ಅಂತ ಒಪ್ಪಿಕೊಂಡವರು ಪಾಟಿ ಒಬ್ಬರೇ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಜಪಮಾಲೆ ಎಣಿಸುವವರೂ ಅವರೇ.

ಪ್ರಾರ್ಥನೆ ಪಾಟಿಯದಾದರೆ ಓಡಾಟ ನಮ್ಮದು. ಶನಿವಾರ ಅಕ್ಕನೂ ನಾನೂ ಶಾಲೆಗೆ ಹೋಗಿ ಹೆಡ್‌ಮಿಸ್ಟ್ರೆಸ್ ಸಿಸ್ಟರ್‌ರನ್ನು ಕಂಡೆವು. ಹೀಗೀಗೆ, ಹುಡುಗಿಗೆ ಈ ಪ್ರಶ್ನೆಯ ಭಯ ಇದೆ ಅಂತ ಹೇಳಿದೆವು. ಅವರು ಆಶ್ಚರ್ಯಪಡಲಿಲ್ಲ. ಕ್ಲಾಸ್ ಟೀಚರ್‌ಗೆ ಹೇಳ್ತೀನಿ, ಎಲ್ಲ ಟೀಚರ್‌ಗೂ ಸೋಮವಾರದೊಳಗೆ ಹೇಳೋಕಾಗುತ್ತೋ ಇಲ್ಲವೋ, ಅದಕ್ಕೇ ಹುಡುಗಿ ಹತ್ತಿರಾನೂ ಒಂದು ಉತ್ತರ ರೆಡಿ ಇರಲಿ ಅಂದರು. ಈ ಮಾತು ನನಗೆ ಹಿಡಿಸಿತು. ‘ನಾವು ನೋಡ್ಕೋತೀವಿ’ ಅಂತ ಸುಳ್ಳು ಭರವಸೆ ಕೊಡಲಿಲ್ಲ. ನಿಮ್ಮ ಮನೆಯಲ್ಲೂ ಇಂಥ ಮಗುವಿದ್ದರೆ ಶಾಲೆ ಶುರುವಾಗುವ ಮುಂಚೆ ಹೋಗಿ ಹೀಗೆ ಮಾತಾಡಿ ಬನ್ನಿ, ಹತ್ತು ನಿಮಿಷದ ಕೆಲಸ. ಮಗು ವಾರಗಟ್ಟಲೆ ಊಟ ನಿದ್ದೆ ಬಿಟ್ಟರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ನೊವೇನಾ ಮಾಡುವ ಮನೆಯವರು ಅಲ್ಲಿಗೆ ಫೋನ್ ಮಾಡಬಾರದು ಅಂತ ಯಾವ ಫಾದರ್ ಕೂಡ ಹೇಳಿದ್ದು ನಾನು ಕೇಳಿಲ್ಲ.

ಭಾನುವಾರ ಮಧ್ಯಾಹ್ನ ಉತ್ತರ ರೆಡಿ ಮಾಡೋಕೆ ಕೂತೆವು. ನಾನು ಹೇಳಿಕೊಟ್ಟದ್ದು ಚಿಕ್ಕದಾಗಿತ್ತು: ‘ಅಪ್ಪ ಇಲ್ಲ ಮಿಸ್, ಅಮ್ಮ ಲ್ಯಾಬ್‌ನಲ್ಲಿ ಕೆಲಸ ಮಾಡ್ತಾರೆ.’ ಅಕ್ಕ ರಾಬರ್ಟ್‌ಸನ್‌ಪೇಟೆಯ ಒಂದು ಲ್ಯಾಬ್‌ನಲ್ಲಿ ಕೆಲಸಕ್ಕೆ ಸೇರಿದ್ದಳು. ಹುಡುಗಿ ಒಪ್ಪಲಿಲ್ಲ. “ಅವರು ಕೇಳೋದು ಅಪ್ಪ ಏನ್ ಮಾಡ್ತಾರೆ ಅಂತ. ಇಲ್ಲ ಅಂದ್ಬಿಟ್ರೆ ಅಪ್ಪ ಏನೂ ಮಾಡೇ ಇಲ್ಲ ಅನ್ನೋ ಹಾಗೆ ಆಗುತ್ತೆ.” ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದು, ಹೊಡೆದು, ಕೊನೆಗೆ ತನ್ನದೇ ಒಂದು ಸಾಲು ಮಾಡಿದಳು. ‘ನಮ್ಮಪ್ಪ ಲೇತ್ ಆಪರೇಟರ್ ಆಗಿದ್ರು. ಹೋದ ವರ್ಷ ತೀರಿಕೊಂಡ್ರು.’ ಎಲ್ಲ ಕಷ್ಟ ಇದ್ದದ್ದು ‘ಮಾಡ್ತಾರೆ’ಯಿಂದ ‘ಆಗಿದ್ರು’ವರೆಗಿನ ದಾರಿಯಲ್ಲಿ. ಏಳು ತಿಂಗಳಲ್ಲಿ ಅವಳು ಅಪ್ಪನ ಬಗ್ಗೆ ಹಾಗೆ ಹೇಳಿದ್ದು ನಾವು ಕೇಳಿದ್ದು ಅದೇ ಮೊದಲು.

ಸೋಮವಾರ ನಾನು ಆಫೀಸಿಗೆ ಹೋಗಲೇಬೇಕಿತ್ತು. ರೈಲಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ಬೈಬಲ್ ತೆಗೆದೆ. ಧೈರ್ಯ ಅಂತ ಹುಡುಕಿದರೆ ಮೊದಲು ಬಂದದ್ದು ಯೆಹೋಶುವನ ಗ್ರಂಥ. ಗೋಡೆಗೆ ನೇತುಹಾಕುವ ಕ್ಯಾಲೆಂಡರ್‌ಗಳಲ್ಲಿ, ಕಾಫಿ ಮಗ್ಗಿನ ಮೇಲೆ ಅದರ ಒಂದು ವಾಕ್ಯವನ್ನು ನೀವೂ ನೋಡಿರ್ತೀರಿ. ಆದರೆ ಪೂರ್ತಿ ಅಧ್ಯಾಯ ನಾನು ಓದಿದ್ದು ಅವತ್ತೇ. ಅದು ಶುರುವಾಗೋದೇ ಒಂದು ಸಾವಿನಿಂದ. ಮೋಶೆ ಹೋಗಿಬಿಟ್ಟಿದ್ದಾನೆ, ಇನ್ನು ಮುಂದೆ ಯೆಹೋಶುವನೇ ನದಿ ದಾಟಿಸಬೇಕು. ಧೈರ್ಯವಾಗಿರು ಅಂತ ದೇವರು ಅವನಿಗೆ ಆ ಒಂದು ಅಧ್ಯಾಯದಲ್ಲೇ ಮೂರು ಸಲ ಹೇಳ್ತಾರೆ. ಕೊನೆಗೆ ಜನರೂ ಅವನಿಗೆ ಅದನ್ನೇ ಹೇಳ್ತಾರೆ. ಅಂದರೆ ಸ್ವತಃ ದೇವರು ಒಂದು ಸಲ ಹೇಳಿದರೂ ಅದು ಸಾಕಾಗೋದಿಲ್ಲ! ಮಗ್ಗಿನ ಮೇಲೆ ಒಂದೇ ಸಲ ಅಚ್ಚು ಹಾಕ್ತಾರೆ, ಅದರಿಂದ ಈ ವಿಷಯ ಗೊತ್ತಾಗೋದೇ ಇಲ್ಲ.

ಟಿನ್ ಫ್ಯಾಕ್ಟರಿ ಟ್ರಾಫಿಕ್‌ನಲ್ಲಿ ಇನ್ನೊಂದು ಓದಿದೆ. ವಿದ್ಯಾರ್ಥಿಗಳ ಪಾಲಕ ಸಂತ ಅಂತ ಕಥೋಲಿಕ ಶಾಲೆಗಳಲ್ಲಿ ಹೇಳೋದು 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸ್‌ರನ್ನು. ಅವರ ಪ್ರಕಾರ ಧೈರ್ಯದ ಮುಖ್ಯ ಕೆಲಸ ಎದುರು ಬಿದ್ದು ಹೋರಾಡೋದಲ್ಲ, ಜಾಗ ಬಿಡದೆ ತಾಳಿಕೊಳ್ಳೋದು. ತಾಳಿದವನು ಬಾಳಿಯಾನು ಅಂತ ನಮ್ಮಲ್ಲಿ ಇದ್ದೇ ಇದೆಯಲ್ಲ. ಪವಿತ್ರಾತ್ಮರ ಏಳು ವರಗಳಲ್ಲಿ ಒಂದಾದ ಸ್ಥೈರ್ಯವೂ ಇದೇ. ಅದೇ ಪಟ್ಟಿಯಲ್ಲಿ ದೇವಭಯವೂ ಇದೆ ಅನ್ನೋದು ತಮಾಷೆ. ಭಯವನ್ನು ಪೂರ್ತಿ ತೆಗೆದುಹಾಕೋ ಉದ್ದೇಶ ಅವರಿಗೂ ಇದ್ದಂತಿಲ್ಲ.

ಮಧ್ಯಾಹ್ನದವರೆಗೆ ಮೂರು ಮೀಟಿಂಗ್. ಒಂದರಲ್ಲೂ ನನ್ನ ಕಿವಿ ಇರಲಿಲ್ಲ.

ಸಂಜೆ ಅಕ್ಕ ಫೋನ್‌ನಲ್ಲಿ ಹೇಳಿದ್ದು ಇಷ್ಟು. ಬೆಳಿಗ್ಗೆ ಅಸೆಂಬ್ಲಿಯಲ್ಲಿ ಹೊಸ ವರ್ಷದ ಪ್ರಾರ್ಥನೆ ಆಯಿತು. ಆ ಶಾಲೆಯಲ್ಲಿ ಕಥೋಲಿಕ ಮಕ್ಕಳಿಗಿಂತ ಬೇರೆಯವರೇ ಹೆಚ್ಚು. ಎಲ್ಲರೂ ಕೈಮುಗಿದು ನಿಂತರು. ಕ್ಲಾಸ್ ಟೀಚರ್ ಹೆಸರು ಮಾತ್ರ ಕೇಳಿ ಮುಂದೆ ಹೋದರು. ಎರಡನೇ ಪೀರಿಯಡ್‌ನವರೂ ಕೇಳಲಿಲ್ಲ. ಮೂರನೆಯದಕ್ಕೆ ಬರಬೇಕಾದವರ ಬದಲು ಬೇರೊಬ್ಬ ಟೀಚರ್ ಬಂದರು, ಅವರಿಗೆ ವಿಷಯ ಗೊತ್ತಿರಲಿಲ್ಲ. ಕೇಳಿಯೇಬಿಟ್ಟರು. ಹುಡುಗಿ ಎದ್ದು ನಿಂತು ಆ ಎರಡು ವಾಕ್ಯ ಹೇಳಿದಳು. ಎರಡನೆಯದಕ್ಕೆ ಬರುವಷ್ಟರಲ್ಲಿ ಗಂಟಲು ಕಟ್ಟಿತಂತೆ, ಆದರೂ ಪೂರ್ತಿ ಹೇಳಿದಳು. ಟೀಚರ್ “ಕೂತ್ಕೋಮ್ಮ” ಅಂದರು. ಪಕ್ಕದಲ್ಲಿ ಕೂತ ಹುಡುಗಿ ನೀರಿನ ಬಾಟಲಿ ಇವಳ ಕಡೆ ಸರಿಸಿ, “ನಮ್ಮಪ್ಪನ್ನ ನಾನು ಭಾನುವಾರ ಮಾತ್ರ ನೋಡೋದು” ಅಂದಳಂತೆ. ಅವಳ ಅಪ್ಪ ಬೆಳಗಿನ ರೈಲಿನವರು. ನಾನು ಹತ್ತುವ ಬೋಗಿಯಲ್ಲೇ ಇರ್ತಾರೇನೋ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತೆ, ಆದರೆ ನಡೆದದ್ದು ಹಾಗಲ್ಲ. ಬುಧವಾರ ಅವಳು ಏಳಲೇ ಇಲ್ಲ. ಹೊಟ್ಟೆನೋವು ಅಂದಳು. ಅಕ್ಕ ಹಣೆ ಮುಟ್ಟಿ ನೋಡಿದಳು, ಜ್ವರ ಇರಲಿಲ್ಲ. ಮಂಗಳವಾರ ಯಾರೋ ಹುಡುಗರು ‘ನಿಮ್ಮಪ್ಪ ಹೇಗೆ ಸತ್ರು’ ಅಂತ ವಿವರ ಕೇಳಿದ್ದರಂತೆ. ಅದಕ್ಕೆ ನಾವು ಉತ್ತರ ರೆಡಿ ಮಾಡಿರಲಿಲ್ಲ. ಅವತ್ತು ಮನೆಯಿಂದ ಕೆಲಸ ಮಾಡ್ತಿದ್ದವಳು ನಾನೇ. ಸ್ಟ್ಯಾಂಡ್‌ಅಪ್ ಕಾಲ್‌ನ ಮಧ್ಯೆ ನೋಡಿದರೆ ಪಾಟಿ ಅವಳ ಹಾಸಿಗೆ ಪಕ್ಕ ಕೂತು ಜಪಮಾಲೆ ಎಣಿಸ್ತಿದ್ದಾರೆ, ಇವಳು ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ಮಧ್ಯಾಹ್ನ ರಸಂ ಅನ್ನ ಉಂಡಳು. ಪಾಟಿ ಆಗ ತಮ್ಮ ಕಥೆ ಹೇಳಿದರು. ಅಪ್ಪ ಸತ್ತು ಎಂಟನೇ ದಿನಕ್ಕೆ ಪಾಟಿಯನ್ನು ಶಾಲೆಗೆ ಕಳಿಸಿದ್ದರಂತೆ. ಕ್ಲಾಸಿನಲ್ಲಿ ಗಣಿಯಲ್ಲಿ ಅಪ್ಪನನ್ನು ಕಳಕೊಂಡ ಹುಡುಗಿಯರು ಇನ್ನೂ ಇಬ್ಬರಿದ್ದರು. ಒಬ್ಬಳು ಪಾಟಿಯನ್ನು ಕರೆದು, ಕೇಳಿದವರಿಗೆಲ್ಲ ಹೇಳಬೇಕಾಗಿಲ್ಲ ಅಂತ ಕಲಿಸಿಕೊಟ್ಟಳಂತೆ. “ಹೇಳೋಕೆ ಧೈರ್ಯ ಬೇಕು, ಹೇಳದೇ ಇರೋಕೂ ಬೇಕು” ಅಂದರು ಪಾಟಿ. ಅರವತ್ತು ವರ್ಷ ಈ ಕಥೆ ಅವರು ನಮ್ಮ ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೂ.

ಗುರುವಾರ ಶಾಲೆಗೆ ಹೋದಳು. ‘ಅದನ್ನು ಹೇಳಲ್ಲ’ ಅನ್ನೋ ಹೊಸ ಉತ್ತರ ಒಂದು ಜೊತೆಗಿತ್ತು. ಬಂದವಳು ಬೆಂಚಿನ ಮೊಳೆಗೆ ಸಿಕ್ಕಿ ಸ್ಕರ್ಟ್ ಹರಿದದ್ದಕ್ಕೂ, ಕನ್ನಡ ಸರ್ ಬೋರ್ಡ್ ಮೇಲಿನ ಅಕ್ಷರ ಅರ್ಥವಾಗೋಲ್ಲ ಅನ್ನೋದಕ್ಕೂ ಅರ್ಧ ಗಂಟೆ ಗೊಣಗಿದಳು. ಅಕ್ಕನಿಗೆ ಆ ಗೊಣಗಾಟ ಕೇಳಿ ಎಷ್ಟು ಖುಷಿಯಾಯಿತೆಂದರೆ ಎರಡನೇ ಸಲ ಕಾಫಿ ಮಾಡಿದಳು.

ಶನಿವಾರ, ಜೂನ್ 7, ಒಂಬತ್ತನೇ ದಿನ. ಏಳು ಗಂಟೆಗೆ ಕರೆಂಟ್ ಇರಲಿಲ್ಲ. ಮೇಣದಬತ್ತಿಯ ಬೆಳಕಿಗೆ ಪಾಟಿಯ ಕಣ್ಣಿಗೆ ಪುಸ್ತಕದ ಸಣ್ಣ ಅಕ್ಷರ ಹಿಡಿಯಲಿಲ್ಲ, ಎರಡು ಸಲ ತಡವರಿಸಿದರು. ಹೊಸಿಲ ಮೇಲಿದ್ದವಳು ಎದ್ದು ಬಂದು ಪುಸ್ತಕ ಇಸ್ಕೊಂಡಳು. ಅದು ತಮಿಳಿನದು. ಬೆಂಗಳೂರಿನಲ್ಲಿ ಬೆಳೆದ ಅವಳಿಗೆ ತಮಿಳು ಮಾತು ಬರುತ್ತೆ, ಓದು ಬರೋದಿಲ್ಲ. ಪುಸ್ತಕ ಕೆಳಗಿಟ್ಟು ಫೋನಿನಲ್ಲಿ ಅದೇ ಪ್ರಾರ್ಥನೆ ಇಂಗ್ಲಿಷಿನಲ್ಲಿ ಹುಡುಕಿದಳು. ಅವಳು ಇಂಗ್ಲಿಷಿನಲ್ಲಿ ಓದ್ತಾ ಹೋದಳು, ಪಾಟಿ ತಮಿಳಿನಲ್ಲಿ ಬಾಯಿಗೆ ಬಂದಷ್ಟು ಹೇಳ್ತಾ ಹೋದರು, ನಾವು ಮಿಕ್ಕವರು ಯಾರ ಜೊತೆ ಸಿಕ್ಕರೆ ಅವರ ಜೊತೆ. ಇಬ್ಬರೂ ಒಂದೇ ಹೊತ್ತಿಗೆ ಮುಗಿಸಲಿಲ್ಲ.

ಆಮೆನ್ ಆದ ಮೇಲೆ ಬ್ಯಾಗ್ ತೆಗೆದು ಸೋಮವಾರದ ಟೈಮ್‌ಟೇಬಲ್ ನೋಡಿದಳು. “ಫಸ್ಟ್ ಪೀರಿಯಡ್ ಮ್ಯಾಥ್ಸ್. ಆ ಸರ್ ಈ ವಾರ ರಜೆ ಇದ್ರು ಚಿತ್ತಿ, ಸೋಮವಾರ ಬರ್ತಾರೆ. ಅವರೂ ಕೇಳ್ತಾರೆ.”

“ಕೇಳ್ಲಿ ಬಿಡು” ಅಂದರು ಪಾಟಿ, ಬತ್ತಿ ಆರಿಸುತ್ತಾ. “ಸ್ಕರ್ಟ್ ತಗೊಂಡು ಬಾ, ಹೊಲಿದು ಕೊಡ್ತೀನಿ.”